ಬೈಕಿನಲ್ಲಿ ಪುಟ್ಟ ಮಗು: ಕಾನೂನು ಏನು ಕೇಳುತ್ತದೆ, ಅದನ್ನು ಪಾಲಿಸುವುದು ಹೇಗೆ

ಮಗುವಿಗೊಂದು ಹೆಲ್ಮೆಟ್ ತಂದುಬಿಟ್ಟರೆ ಕಾನೂನಿನ ಮಟ್ಟಿಗೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಭಾರತದ ಕಾನೂನು ಮೊದಲು ನೋಡುವುದು ಹೆಲ್ಮೆಟ್ಟನ್ನಲ್ಲ. ಗಾಡಿಯ ಮೇಲೆ ಎಷ್ಟು ಜನ ಇದ್ದಾರೆ, ಮಗು ಎಲ್ಲಿ ಕೂತಿದೆ ಎಂಬುದು ಮೊದಲ ಪ್ರಶ್ನೆ. ಮಗುವನ್ನು ಓಡಿಸುವವರಿಗೆ ಕಟ್ಟಲಾಗಿದೆಯೇ ಎಂಬುದು ಎರಡನೆಯದು. ಹೆಲ್ಮೆಟ್ಟು, ವೇಗ ಎಲ್ಲ ಆಮೇಲೆ. ಮೊದಲ ಪ್ರಶ್ನೆಯಲ್ಲೇ ಎಡವಿದರೆ ಎಷ್ಟೇ ದುಬಾರಿ ಹೆಲ್ಮೆಟ್ ತೊಡಿಸಿದರೂ ಸವಾರಿ ಕಾನೂನಿಗೆ ವಿರುದ್ಧವೇ. ಅದಕ್ಕೇ ಇಲ್ಲೂ ಆ ಪ್ರಶ್ನೆಯಿಂದಲೇ ಶುರು ಮಾಡೋಣ.

ಎಷ್ಟು ಜನ, ಎಲ್ಲಿ ಕೂರಬೇಕು

ಮೋಟಾರು ವಾಹನಗಳ ಕಾಯ್ದೆ, 1988ರ ಸೆಕ್ಷನ್ 128 ಎರಡು ಮಾತು ಹೇಳುತ್ತದೆ. ದ್ವಿಚಕ್ರ ವಾಹನದಲ್ಲಿ ಓಡಿಸುವವರ ಜೊತೆಗೆ ಇನ್ನೊಬ್ಬರು ಮಾತ್ರ ಇರಬಹುದು. ಆ ಇನ್ನೊಬ್ಬರು ಓಡಿಸುವವರ ಹಿಂದೆ, ಗಾಡಿಗೆ ಭದ್ರವಾಗಿ ಜೋಡಿಸಿದ ಸರಿಯಾದ ಸೀಟಿನ ಮೇಲೆ ಕೂತಿರಬೇಕು. 'ವ್ಯಕ್ತಿ' ಎಂಬ ಪದಕ್ಕೆ ಇಲ್ಲಿ ವಯಸ್ಸಿನ ಮಿತಿ ಇಲ್ಲ. ಆರು ತಿಂಗಳ ಕೂಸೂ ಲೆಕ್ಕಕ್ಕೆ ಒಬ್ಬರೇ.

ನಮ್ಮ ರಸ್ತೆಗಳಲ್ಲಿ ದಿನಾ ಕಾಣುವ ದೃಶ್ಯ ಇಲ್ಲೇ ಸಿಕ್ಕಿಬೀಳುತ್ತದೆ. ಅಪ್ಪ ಓಡಿಸುತ್ತಾರೆ, ಅಮ್ಮ ಹಿಂದೆ, ಮಗು ಇಬ್ಬರ ನಡುವೆ ಅಥವಾ ಅಮ್ಮನ ತೊಡೆಯ ಮೇಲೆ. ಕಾನೂನಿನ ಕಣ್ಣಿಗೆ ಇದು ಟ್ರಿಪಲ್ ರೈಡಿಂಗ್. ಮಗು ಚಿಕ್ಕದು, ಜಾಗ ಹಿಡಿಯುವುದಿಲ್ಲ ಎಂಬ ವಾದಕ್ಕೆ ಕಾಯ್ದೆಯಲ್ಲಿ ಆಸರೆ ಇಲ್ಲ. 2023ರಲ್ಲಿ ಕೇರಳ ಸರ್ಕಾರ ರಸ್ತೆಗಳಲ್ಲಿ ಕ್ಯಾಮೆರಾ ದಂಡ ಶುರು ಮಾಡಿದಾಗ ಇದೇ ಪ್ರಶ್ನೆ ಎದ್ದಿತ್ತು. 12 ವರ್ಷದೊಳಗಿನ ಮಗುವನ್ನು ಮೂರನೆಯವರಾಗಿ ಕರೆದೊಯ್ಯಲು ವಿನಾಯಿತಿ ಕೊಡಿ ಎಂಬ ಬೇಡಿಕೆ ಕೇಂದ್ರದವರೆಗೂ ಹೋಯಿತು. ಕೇಂದ್ರ ಒಪ್ಪಲಿಲ್ಲ. ಕಾರು ಕೊಳ್ಳಲಾಗದ ಕುಟುಂಬಕ್ಕೆ ಇದು ಕಠಿಣ ನಿಯಮ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಇಂದಿನ ಕಾನೂನು ಇದೇ.

ಎರಡನೆಯ ಮಾತು, ಅಂದರೆ 'ಓಡಿಸುವವರ ಹಿಂದೆ' ಎಂಬುದು, ಇನ್ನಷ್ಟು ಅಭ್ಯಾಸಗಳನ್ನು ಹೊರಗಿಡುತ್ತದೆ. ಸ್ಕೂಟರಿನ ಮುಂದಿನ ಫುಟ್‌ಬೋರ್ಡಿನಲ್ಲಿ ನಿಲ್ಲಿಸುವುದು, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದು, ಸ್ಕೂಟರಿನ ಮುಂದೆ ಸಿಕ್ಕಿಸುವ ಪುಟ್ಟ ಸೀಟು, ಕೂಸನ್ನು ಬೇಬಿ ಕ್ಯಾರಿಯರಿನಲ್ಲಿ ಎದೆಗೆ ಕಟ್ಟಿಕೊಂಡು ಓಡಿಸುವುದು, ಇವು ಯಾವುವೂ ಸೆಕ್ಷನ್ 128ಕ್ಕೆ ಹೊಂದುವುದಿಲ್ಲ. ಮುಂದಿನ ಸೀಟು ಅಂಗಡಿಯಲ್ಲಿ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ರಸ್ತೆಯಲ್ಲಿ ಅದಕ್ಕೆ ಅನುಮತಿ ಇದೆ ಎಂದಲ್ಲ.

ಮಗು ಮುಂದಿದ್ದರೆ ಕಣ್ಣೆದುರೇ ಇರುತ್ತದೆ, ಹಿಂದಿದ್ದರೆ ಕಾಣುವುದಿಲ್ಲ ಎಂದು ಅನೇಕ ತಂದೆತಾಯಿ ಹೇಳುತ್ತಾರೆ. ಅವರ ಆತಂಕ ನಿಜ. ಆದರೆ ಮುಂದೆ ನಿಂತ ಮಗುವಿನ ಮುಖದ ಮಟ್ಟದಲ್ಲೇ ಹ್ಯಾಂಡಲ್, ಮೀಟರ್, ಕನ್ನಡಿ ಇರುತ್ತವೆ. ಬ್ರೇಕ್ ಒತ್ತಿದ ಕ್ಷಣ ಮಗುವಿನ ಹಲ್ಲು, ಮೂಗು, ಗಂಟಲು ಅಲ್ಲಿಗೇ ಬಡಿಯುತ್ತವೆ. ಹಿಂದಿನಿಂದ ಓಡಿಸುವವರ ಮೈಭಾರವೂ ಮಗುವಿನ ಮೇಲೆ ಬೀಳುತ್ತದೆ. ಇನ್ನೊಂದು ಅಪಾಯ ಗಾಡಿ ನಿಂತಾಗಲೇ ಆಗುವಂಥದ್ದು. ಎಂಜಿನ್ ಚಾಲೂ ಇರುವಾಗ ಅಪ್ಪ ಗೇಟು ತೆಗೆಯಲು ಇಳಿಯುತ್ತಾರೆ, ಮಗು ಆಸರೆಗೆಂದು ಹ್ಯಾಂಡಲ್ ಹಿಡಿದು ಆಕ್ಸಿಲರೇಟರ್ ತಿರುವುತ್ತದೆ. ಗೇರಿಲ್ಲದ ಸ್ಕೂಟರ್ ಆ ಕೂಡಲೇ ನುಗ್ಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಎಂಜಿನ್ ಸದ್ದೇ ಇಲ್ಲದ್ದರಿಂದ ಗಾಡಿ ಚಾಲೂ ಇದೆ ಎಂಬುದೇ ಮರೆತುಹೋಗುತ್ತದೆ. ಮಗು ಗಾಡಿಯ ಮೇಲಿರುವಷ್ಟು ಹೊತ್ತು, ನೀವು ಸೀಟಿನಲ್ಲಿಲ್ಲದಿದ್ದರೆ, ಕೀ ಕಿಸೆಯಲ್ಲಿರಲಿ.

ಸ್ಕೂಟರ್, ಮೊಪೆಡ್, ನೋಂದಣಿ ಸಂಖ್ಯೆಯಿರುವ ಎಲೆಕ್ಟ್ರಿಕ್ ಗಾಡಿ ಎಲ್ಲವೂ ಈ ಕಾಯ್ದೆಯಲ್ಲಿ 'ಮೋಟಾರ್ ಸೈಕಲ್' ಎಂದೇ ಲೆಕ್ಕ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಗಾಡಿಗಳು ಮಾತ್ರ ಇದರಿಂದ ಹೊರಗೆ. ಅವುಗಳಿಂದ ಬಿದ್ದರೂ ತಲೆ ಒಡೆಯುವುದು ಹಾಗೆಯೇ, ಆದ್ದರಿಂದ ಆ ವಿನಾಯಿತಿಗೆ ಹಿಗ್ಗಬೇಕಿಲ್ಲ.

ನಾಲ್ಕು ವರ್ಷದೊಳಗಿನವರಿಗೆ 2023ರಿಂದ ಬಂದ ನಿಯಮ

2019ರ ತಿದ್ದುಪಡಿಯ ನಂತರ ಸೆಕ್ಷನ್ 129 ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ನಾಲ್ಕರೊಳಗಿನ ಮಕ್ಕಳಿಗೆ ಪ್ರತ್ಯೇಕ ನಿಯಮ ಮಾಡುವ ಅಧಿಕಾರವನ್ನು ಅದೇ ಸೆಕ್ಷನ್ ಕೇಂದ್ರಕ್ಕೆ ಕೊಟ್ಟಿತು. ಅದರಂತೆ 2022ರ ಫೆಬ್ರುವರಿ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮಕ್ಕೆ ಏಳನೇ ಉಪನಿಯಮ ಸೇರಿತು. ಒಂದು ವರ್ಷ ಕಾಲಾವಕಾಶ ಕೊಟ್ಟು, 2023ರ ಫೆಬ್ರುವರಿ 15ರಿಂದ ಅದು ಜಾರಿಗೆ ಬಂದಿದೆ. ಅದು ಕೇಳುವುದು ಮೂರು:

ಮಗುವನ್ನು ಓಡಿಸುವವರಿಗೆ ಸೇಫ್ಟಿ ಹಾರ್ನೆಸ್‌ನಿಂದ (ಮಗು ತೊಡುವ, ಪಟ್ಟಿಗಳಿರುವ ವೆಸ್ಟ್) ಕಟ್ಟಿರಬೇಕು.
9 ತಿಂಗಳಿನಿಂದ 4 ವರ್ಷದವರೆಗಿನ ಮಗು ತನ್ನ ತಲೆಗೆ ಸರಿಹೊಂದುವ ಸ್ವಂತ ಕ್ರ್ಯಾಶ್ ಹೆಲ್ಮೆಟ್ ಅಥವಾ ನಿಗದಿತ ಮಾನಕದ ಸೈಕಲ್ ಹೆಲ್ಮೆಟ್ ಧರಿಸಿರಬೇಕು.
ಅಂಥ ಮಗು ಹಿಂದಿರುವಾಗ ವೇಗ ಗಂಟೆಗೆ 40 ಕಿ.ಮೀ. ದಾಟಬಾರದು.

ಒಂಬತ್ತು ತಿಂಗಳೊಳಗಿನ ಕೂಸಿನ ಮಾತೇನು? ಅದಕ್ಕೆ ಹಾರ್ನೆಸ್ ಬೇಕು, ಹೆಲ್ಮೆಟ್ ಬೇಡ ಎಂದು ನಿಯಮವನ್ನು ಓದಬಹುದು. ಅದನ್ನು ಅನುಮತಿಪತ್ರದಂತೆ ಓದುವುದು ತಪ್ಪು. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಇನ್ನೂ ಬಲಿತಿರುವುದಿಲ್ಲ. ಹೆಲ್ಮೆಟ್ಟಿನ ಭಾರವನ್ನೇ ಆ ಕತ್ತು ತಾಳಲಾರದು. ಸೈಕಲ್ಲಿನ ವಿಷಯದಲ್ಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 12 ತಿಂಗಳೊಳಗಿನ ಕೂಸನ್ನು ಕೂರಿಸಬೇಡಿ ಎನ್ನುತ್ತದೆ. ತಾನಾಗಿ ನೆಟ್ಟಗೆ ಕೂತು, ಹೆಲ್ಮೆಟ್ ಹಾಕಿಕೊಂಡೂ ತಲೆ ಎತ್ತಿ ಹಿಡಿಯಲಾರದ ಮಗು ಬೈಕಿನ ಹಿಂದಿನ ಸೀಟಿಗೆ ಸಿದ್ಧವಾಗಿಲ್ಲ. ಆಸ್ಪತ್ರೆಗೋ ಲಸಿಕೆಗೋ ಹೋಗಬೇಕಾದರೆ ಆಟೊ ಅಥವಾ ಬಸ್ಸೇ ಸರಿ.

ದಂಡ ಓಡಿಸುವವರಿಗೆ

ಸೆಕ್ಷನ್ 128 ಮುರಿದರೆ, ಅಂದರೆ ಟ್ರಿಪಲ್ ರೈಡಿಂಗ್ ಅಥವಾ ತಪ್ಪು ಜಾಗದಲ್ಲಿ ಕೂರಿಸಿದರೆ, ಸೆಕ್ಷನ್ 194ಸಿ ಅನ್ವಯಿಸುತ್ತದೆ. ಹೆಲ್ಮೆಟ್ ಇಲ್ಲದಿದ್ದರೆ 194ಡಿ. ಹಾರ್ನೆಸ್ ನಿಯಮ ಸೆಕ್ಷನ್ 129ರ ಅಡಿಯಲ್ಲೇ ಹುಟ್ಟಿದ್ದರಿಂದ, ಹಾರ್ನೆಸ್ ಇಲ್ಲದ್ದಕ್ಕೂ 40 ಮೀರಿದ್ದಕ್ಕೂ 194ಡಿಯೇ. ಎರಡೂ ಸೆಕ್ಷನ್ನುಗಳಲ್ಲಿ ಕಾಯ್ದೆ ಹೇಳುವ ದಂಡ ₹1,000, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹತೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯಗಳು ಇಳಿಸಬಹುದು. ಕರ್ನಾಟಕ 2019ರ ಸೆಪ್ಟೆಂಬರಿನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ಅದನ್ನು ₹500ಕ್ಕೆ ಇಳಿಸಿತು. ಇಳಿದದ್ದು ಹಣ ಮಾತ್ರ. ಕಾಯ್ದೆಯಲ್ಲಿರುವ ಅನರ್ಹತೆಯ ಮಾತು ಹಾಗೇ ಇದೆ, ದುಡಿಮೆಗೆ ಗಾಡಿಯನ್ನೇ ನೆಚ್ಚಿದವರಿಗೆ ನಿಜವಾದ ಪೆಟ್ಟು ಅದು.

194ಡಿಯಲ್ಲಿ 'ಓಡಿಸಿದವರು' ಮಾತ್ರವಲ್ಲ, 'ಓಡಿಸಲು ಬಿಟ್ಟವರು' ಕೂಡ ಬರುತ್ತಾರೆ. ಅಣ್ಣನ ಗಾಡಿಯನ್ನು ತಮ್ಮ ಒಯ್ದು ಮಗುವನ್ನು ಬರಿತಲೆಯಲ್ಲಿ ಕೂರಿಸಿದರೆ ಅಣ್ಣನೂ ಉತ್ತರ ಹೇಳಬೇಕಾಗಬಹುದು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾತ್ರ ಇರುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಸ್ವಂತ ಮಗುವನ್ನೂ ಇಲ್ಲ. ಇನ್ನು ಹೈಸ್ಕೂಲಿನ ಅಕ್ಕ ಪುಟ್ಟ ತಮ್ಮನನ್ನು ಸ್ಕೂಟರಿನಲ್ಲಿ ಅಂಗನವಾಡಿಗೆ ಬಿಟ್ಟು ಬರುವುದಂತೂ ಸೆಕ್ಷನ್ 199ಎ ಬಾಬ್ತು. ಅಲ್ಲಿ ಪಾಲಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಮಗುವಿನ ವಯಸ್ಸಿನ ದಾಖಲೆ ಇಟ್ಟುಕೊಳ್ಳಲೇಬೇಕು ಎಂಬ ನಿಯಮವೇನಿಲ್ಲ. ಆದರೂ ಸೈಕಲ್ ಹೆಲ್ಮೆಟ್ ತೊಟ್ಟ ಮೂರೂಮುಕ್ಕಾಲು ವರ್ಷದ, ವಯಸ್ಸಿಗೆ ಮೀರಿ ಬೆಳೆದ ಮಗುವನ್ನು ಕರೆದೊಯ್ಯುವವರು ಜನನ ಪ್ರಮಾಣಪತ್ರದ ಚಿತ್ರವೊಂದನ್ನು ಫೋನಿನಲ್ಲಿ ಇಟ್ಟುಕೊಂಡರೆ ರಸ್ತೆಬದಿಯ ವಾದ ತಪ್ಪುತ್ತದೆ.

ಹೆಲ್ಮೆಟ್: ಮೊದಲು ಟೇಪು, ಆಮೇಲೆ ಅಂಗಡಿ

ಬಟ್ಟೆ ಹೊಲಿಯುವವರ ಟೇಪನ್ನು ಹುಬ್ಬಿನಿಂದ ಎರಡು ಬೆರಳು ಮೇಲೆ ಇಟ್ಟು, ಹಿಂದೆ ತಲೆ ಹೆಚ್ಚು ಉಬ್ಬಿರುವ ಕಡೆಯಿಂದ ಸುತ್ತಿ ಅಳೆಯಿರಿ. ಎರಡು ಸಲ ಅಳೆದು ದೊಡ್ಡದನ್ನು ಹಿಡಿಯಿರಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯವಾಗಿ 45ರಿಂದ 52 ಸೆಂ.ಮೀ. ನಡುವೆ ಬರುತ್ತದೆ. ಭಾರತದ ಬೈಕ್ ಹೆಲ್ಮೆಟ್ಟುಗಳಲ್ಲಿ ಅಳತೆ ಮಿಲಿಮೀಟರಿನಲ್ಲಿರುತ್ತದೆ. 580 ಎಂದರೆ 58 ಸೆಂ.ಮೀ., ಅದು ದೊಡ್ಡವರ ಅಳತೆ. 'ಎರಡು ವರ್ಷ ಬರಲಿ' ಎಂದು ದೊಡ್ಡದನ್ನು ಕೊಳ್ಳುವ ಲೆಕ್ಕಾಚಾರ ಅಂಗಿಗೆ ಸರಿ, ಹೆಲ್ಮೆಟ್ಟಿಗಲ್ಲ. ಸಡಿಲ ಹೆಲ್ಮೆಟ್ ಬೀಳುವಾಗ ಹಿಂದಕ್ಕೆ ಜಾರಿ ಹಣೆಯನ್ನು ಬರಿದಾಗಿಸುತ್ತದೆ, ಪಟ್ಟಿ ಗಂಟಲನ್ನು ಬಿಗಿಯುತ್ತದೆ.

ಸೈಕಲ್ ಹೆಲ್ಮೆಟ್ ಆದರೆ ನಿಯಮ ಹೆಸರಿಸುವ ಮಾನಕಗಳು ಅಮೆರಿಕದ ಎಎಸ್‌ಟಿಎಂ 1447, ಯುರೋಪಿನ ಇಎನ್ 1080, ಇಎನ್ 1078. ಒಳಗಿನ ಲೇಬಲ್ಲಿನಲ್ಲಿ ಇವುಗಳಲ್ಲೊಂದು ಅಚ್ಚಾಗಿರಬೇಕು. ಡಬ್ಬದ ಮೇಲೆ ಬರೆದಿದ್ದು ಸಾಲದು. ಎರಡು ಇಎನ್ ಸಂಖ್ಯೆಗಳ ನಡುವೆ ಆಯ್ಕೆಯಿದ್ದರೆ 1078 ಇರುವುದನ್ನೇ ಕೊಳ್ಳಿ. 1080 ಆಟದ ಮೈದಾನದ ಮಕ್ಕಳಿಗಾಗಿ ಮಾಡಿದ್ದು. ಹೆಲ್ಮೆಟ್ ಯಾವುದಕ್ಕಾದರೂ ಸಿಕ್ಕಿ ಮಗು ನೇತುಬಿದ್ದರೆ ಉಸಿರುಗಟ್ಟದಿರಲಿ ಎಂದು ಅದರ ಬಕಲ್ ಜೋರಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಟದಲ್ಲಿ ಅದು ವರ, ರಸ್ತೆಯಲ್ಲಿ ಮೊದಲ ಪೆಟ್ಟಿಗೇ ಹೆಲ್ಮೆಟ್ ಹಾರಿಹೋಗುವ ಭಯ. ನಿಯಮ ಎರಡನ್ನೂ ಒಪ್ಪಿದರೂ ಈ ವ್ಯತ್ಯಾಸ ತಿಳಿದಿರಲಿ.

ಸೈಕಲ್ ಹೆಲ್ಮೆಟ್ಟಿನ ಅನುಕೂಲ ಹಗುರ ತೂಕ. ಸಾಮಾನ್ಯವಾಗಿ 250ರಿಂದ 350 ಗ್ರಾಂ. ಪುಟ್ಟ ಕತ್ತಿಗೆ ಇದು ದೊಡ್ಡ ವಿಷಯ. ಮಿತಿಯನ್ನೂ ಅರಿಯಬೇಕು. ಇಎನ್ 1078 ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಅಡಿಗಲ್ಲಿಗೆ ಬಡಿಯುವ ವೇಗ ಸೆಕೆಂಡಿಗೆ 5.42 ಮೀಟರ್, ಸುಮಾರು 1.5 ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿದ್ದಷ್ಟು. ಸೀಟಿನಿಂದ ಉರುಳಿ ಬೀಳುವುದಕ್ಕೆ ಅದು ಹತ್ತಿರದ ಲೆಕ್ಕ. ಎದುರಿನ ಕಂಬಕ್ಕೋ ವಾಹನಕ್ಕೋ ನೇರ ಬಡಿದರೆ ಲೆಕ್ಕವೇ ಬೇರೆ. ಅಂದರೆ 40ರ ಮಿತಿಯೊಳಗೆ ಹೋದರೆ ಏನೂ ಆಗದು ಎಂದು ಹೆಲ್ಮೆಟ್ ಭರವಸೆ ಕೊಡುವುದಿಲ್ಲ.

ತೊಡಿಸಿ ನೋಡುವ ಬಗೆ: ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲೆ ಹೋಗಬಾರದು. ಎರಡು ಬದಿಯ ಪಟ್ಟಿಗಳು ಕಿವಿಯ ಕೆಳಗೇ ಕೂಡಬೇಕು, ಕಿವಿಯ ಮೇಲೆ ಹಾಯಬಾರದು. ಗಲ್ಲದ ಪಟ್ಟಿಯ ಕೆಳಗೆ ಒಂದೇ ಬೆರಳು ತೂರಬೇಕು. ಈಗ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹಣೆಯ ಚರ್ಮ ಜೊತೆಗೇ ಕದಲಿದರೆ ಅಳತೆ ಸರಿ, ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದು. ಹಿಂದಿನಿಂದ ಮುಂದಕ್ಕೆ ಉರುಳಿಸಲು ನೋಡಿ. ಪಟ್ಟಿ ಕಟ್ಟಿದ್ದಾಗಲೂ ಕಳಚಿ ಬಂದರೆ ಅದು ಬೇಡ. ಒಳಗೆ ಟೋಪಿ, ಎತ್ತರದ ಜುಟ್ಟು, ಕ್ಲಿಪ್ಪು ಇರಬಾರದು. ಮುಂದೆ ಉದ್ದ ಚುಂಚು ಇರುವ ಮಾದರಿ ಬಿಟ್ಟುಬಿಡಿ: ಬ್ರೇಕ್ ಹಾಕಿದಾಗೆಲ್ಲ ಅದು ನಿಮ್ಮ ಬೆನ್ನಿಗೆ ಚುಚ್ಚಿ ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳುತ್ತದೆ.

ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮುಗಿಯಿತು. ಒಳಗಿನ ಥರ್ಮೊಕೋಲ್ ಪದರ ಒಮ್ಮೆ ಕುಗ್ಗಿದರೆ ಮರಳಿ ಉಬ್ಬುವುದಿಲ್ಲ. ನೆಂಟರ ಮನೆಯ ಹಳೆ ಹೆಲ್ಮೆಟ್ ಬೇಡ ಎನ್ನುವುದು ಇದಕ್ಕೇ, ಅದರ ಚರಿತ್ರೆ ಯಾರಿಗೂ ನೆನಪಿರುವುದಿಲ್ಲ. ಥಿನ್ನರ್, ಪೆಟ್ರೋಲಿನಿಂದ ಒರೆಸಬೇಡಿ, ಸೋಪುನೀರು ಸಾಕು.

ಹಾರ್ನೆಸ್: ಯಾವುದು ನಿಯಮಕ್ಕೆ ಹೊಂದುತ್ತದೆ

ನಿಯಮದ ವಿವರಣೆ ಸಾಕಷ್ಟು ಸ್ಪಷ್ಟವಾಗಿದೆ. ಹಾರ್ನೆಸ್ ಎಂದರೆ ಮಗು ತೊಡುವ, ಅಳತೆ ಹೊಂದಿಸಬಹುದಾದ ವೆಸ್ಟ್. ಅದಕ್ಕೆ ಸೇರಿದ ಒಂದು ಜೊತೆ ಪಟ್ಟಿಗಳು ಓಡಿಸುವವರ ಭುಜಕ್ಕೆ ಹಾಕಿಕೊಳ್ಳುವ ಕುಣಿಕೆಗಳಾಗಬೇಕು. ಪಟ್ಟಿಗಳು ವೆಸ್ಟಿನ ಹಿಂಭಾಗಕ್ಕೆ ಸೇರಿ, ವೆಸ್ಟಿನ ಮೇಲೆ ಅಡ್ಡ ಹಾಯ್ದು, ಮಗುವಿನ ಕಾಲುಗಳ ನಡುವೆ ದಾಟುವ ದೊಡ್ಡ ಕುಣಿಕೆಗಳಾಗುವಂತೆ ಮಾಡಿದರೆ ಮಗು ಅವುಗಳಲ್ಲಿ ಕೂತಂತಾಗುತ್ತದೆ. ಹಗುರವಾಗಿರಬೇಕು, ನೀರು ಹಿಡಿಯಬಾರದು, ಬಾಳಿಕೆ ಬರಬೇಕು. ಗಟ್ಟಿ ನೈಲಾನ್ ಅಥವಾ ಮಲ್ಟಿಫಿಲಮೆಂಟ್ ನೈಲಾನ್, ಒಳಗೆ ಸಾಂದ್ರ ಫೋಮ್, 30 ಕೆ.ಜಿ. ತಾಳುವ ವಿನ್ಯಾಸ.

ಮಾರುಕಟ್ಟೆಯಲ್ಲಿ ಇದೇ ಹೆಸರಿನಲ್ಲಿ ಇನ್ನೇನೇನೋ ಸಿಗುತ್ತವೆ. ಮಗುವಿನ ಸೊಂಟಕ್ಕೂ ನಿಮ್ಮ ಸೊಂಟಕ್ಕೂ ಸುತ್ತುವ ಅಗಲ ಬೆಲ್ಟು ಅವುಗಳಲ್ಲಿ ಹೆಚ್ಚು ಮಾರಾಟವಾಗುವುದು. ಅದರಲ್ಲಿ ಭುಜದ ಕುಣಿಕೆ ಇಲ್ಲ, ಕಾಲಿನ ಕುಣಿಕೆಯೂ ಇಲ್ಲ. ಮಗು ನಿದ್ದೆಗೆ ಜಾರಿದರೆ ಮೈಯ ಮೇಲ್ಭಾಗ ಪಕ್ಕಕ್ಕೆ ವಾಲುತ್ತದೆ, ಹಂಪ್ ಹಾರಿದರೆ ಕೆಳಗಿನಿಂದ ನುಸುಳಿ ಹೋಗುತ್ತದೆ. ದುಪ್ಪಟ್ಟಾದಿಂದ ಕಟ್ಟಿಕೊಳ್ಳುವುದರ ತೊಂದರೆಯೂ ಇದೇ, ಜೊತೆಗೆ ಅದರ ತುದಿ ಚಕ್ರಕ್ಕೆ ಸಿಕ್ಕುವ ಅಪಾಯ. ಬರೀ ವೆಲ್ಕ್ರೊ ನೆಚ್ಚಿದ ಹಾರ್ನೆಸ್ ಧೂಳು, ಕೂದಲು ತುಂಬಿದಂತೆಲ್ಲ ಹಿಡಿತ ಕಳೆದುಕೊಳ್ಳುತ್ತದೆ. ಟಕ್ ಎಂದು ಕೂರುವ ಬಕಲ್ ಇರುವುದನ್ನೇ ಆರಿಸಿ.

ಮನೆಗೆ ತಂದ ಮೇಲೆ ಮಗುವಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ವೆಸ್ಟಿನೊಳಗೆ 15ರಿಂದ 20 ಕೆ.ಜಿ. ತೂಕದ ಚೀಲವನ್ನು ಬಿಗಿದು, ಭುಜದ ಕುಣಿಕೆಗಳಿಂದ ಎತ್ತಿ ನಾಲ್ಕೈದು ಸಲ ಜಗ್ಗಿ. ಪಟ್ಟಿ ಬಕಲ್ಲಿನೊಳಗೆ ಜಾರಿದೆಯೇ, ಹೊಲಿಗೆ ಬಾಯಿ ಬಿಟ್ಟಿದೆಯೇ ನೋಡಿ. ಪಟ್ಟಿ ವೆಸ್ಟಿಗೆ ಸೇರುವ ಕಡೆ ಒಂದೇ ಸಾಲಿನ ಹೊಲಿಗೆ ಇದ್ದರೆ ನಂಬಬೇಡಿ. ಚೌಕ ಹಾಕಿ ಒಳಗೆ ಅಡ್ಡಗೆರೆ ಹೊಲಿದಿರಬೇಕು.

ಕಟ್ಟುವ ಸರದಿ

ಹೊರಡುವ ಕಡೆಯೂ ತಲುಪುವ ಕಡೆಯೂ ಇನ್ನೊಬ್ಬರ ಕೈ ಬೇಕು. ಇದು ನಿಯಮದಲ್ಲಿಲ್ಲ, ಆದರೆ ಮೂರು ವರ್ಷದೊಳಗಿನ ಮಗುವನ್ನು ಒಬ್ಬರೇ ಹಿಂದೆ ಕೂರಿಸಿ, ತಾವೂ ಮುಂದೆ ಹತ್ತಿ, ಕುಣಿಕೆ ಹಾಕಿಕೊಳ್ಳುವುದು ಸರ್ಕಸ್ಸೇ ಸರಿ. ಆ ಅರ್ಧ ನಿಮಿಷ ಮಗು ಹಿಡಿತವಿಲ್ಲದೆ ಎತ್ತರದಲ್ಲಿ ಕೂತಿರುತ್ತದೆ.

1. ಸಮತಟ್ಟು ನೆಲ, ಎಂಜಿನ್ ಬಂದ್. ಮನೆಯೊಳಗೇ ಮಗುವಿಗೆ ವೆಸ್ಟ್ ತೊಡಿಸಿ, ಎದೆಯ ಬಕಲ್ ಹಾಕಿ. ವೆಸ್ಟ್ ಮತ್ತು ಎದೆಯ ನಡುವೆ ಎರಡು ಬೆರಳು ತೂರಿದರೆ ಸಾಕು. ದಪ್ಪ ಸ್ವೆಟರ್ ಇದ್ದರೆ ತೆಗೆದು, ವೆಸ್ಟ್ ಬಿಗಿದ ಮೇಲೆ ಹೊದಿಸಿ. ಸ್ವೆಟರ್ ಒಳಗಿದ್ದರೆ ಬಿಗಿ ಇದೆ ಎನಿಸುತ್ತದೆ, ಅದು ಕುಗ್ಗಿದಾಗ ಮೂರು ಬೆರಳು ಸಡಿಲ ಹೊರಬರುತ್ತದೆ.
2. ಹೆಲ್ಮೆಟ್ ಹಾಕಿ, ಪಟ್ಟಿ ಕಟ್ಟಿ.
3. ನೀವು ಮೊದಲು ಹತ್ತಿ ಕೂತು, ಎರಡೂ ಕಾಲು ನೆಲಕ್ಕೂರಿ, ಸ್ಟ್ಯಾಂಡ್ ತೆಗೆದು ಬ್ರೇಕ್ ಹಿಡಿಯಿರಿ. ಬೆನ್ನಿನ ಮೇಲೆ ಬ್ಯಾಗ್ ಇರಬಾರದು.
4. ಜೊತೆಯವರು ಮಗುವನ್ನು ಎಡಬದಿಯಿಂದ ಎತ್ತಿ ಕೂರಿಸಲಿ. ಸಾಮಾನ್ಯವಾಗಿ ಸೈಲೆನ್ಸರ್ ಬಲಕ್ಕಿರುತ್ತದೆ, ಪುಟ್ಟ ಕಾಲಿನ ಸುಟ್ಟಗಾಯಗಳು ಹೆಚ್ಚಾಗಿ ಹತ್ತುವ ಇಳಿಯುವ ಹೊತ್ತಿನವೇ.
5. ಮಗುವಿನ ಎದೆ ನಿಮ್ಮ ಬೆನ್ನಿಗೆ ತಾಗಿರುವಂತೆ ಸರಿಸಿ, ಕುಣಿಕೆಗಳನ್ನು ನಿಮ್ಮ ಎರಡೂ ಭುಜಕ್ಕೆ ಹಾಕಿ, ಎದೆಯ ಮುಂದಿನ ಬಕಲ್ ಇದ್ದರೆ ಅದನ್ನೂ ಹಾಕಿ. ಜಾರುವ ರೇನ್‌ಕೋಟಿನ ಮೇಲೆ ಕುಣಿಕೆ ನಿಲ್ಲುವುದಿಲ್ಲ, ಕೋಟನ್ನು ಹೊರಗಿನಿಂದ ಹಾಕಿಕೊಳ್ಳಿ.
6. ಜೊತೆಯವರು ಪಟ್ಟಿಯ ಉಳಿದ ತುದಿಗಳನ್ನು ಮಡಚಿ ಸಿಕ್ಕಿಸಲಿ. ನೇತಾಡುವ ಒಂದು ಗೇಣು ಪಟ್ಟಿ ಚೈನಿಗೋ ಚಕ್ರಕ್ಕೋ ಸಾಕು.
7. ಸೊಂಟದಿಂದ ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿ. ಮಗು ನಿಮ್ಮ ಜೊತೆಗೇ ಹೊರಳಬೇಕು.

ಇಳಿಯುವಾಗ ಇದೇ ತಿರುಗು ಸರದಿ: ಕುಣಿಕೆ ಬಿಚ್ಚಿ, ಜೊತೆಯವರು ಮಗುವನ್ನು ಇಳಿಸಿಕೊಂಡ ಮೇಲೆ ನೀವು. ಮರೆತು ಕಾಲು ಹಿಂದಕ್ಕೆ ಬೀಸಿದರೆ ಮಗುವಿನ ಮುಖಕ್ಕೇ ಬೂಟು. ಬಕಲ್ ಬಿಚ್ಚುವುದನ್ನು ಕಣ್ಣುಮುಚ್ಚಿ ಒಂದೇ ಕೈಯಲ್ಲಿ ಮಾಡುವಷ್ಟು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಗಾಡಿ ಉರುಳಿದರೆ ಮಗು ನಿಮಗೆ ಕಟ್ಟಿಕೊಂಡೇ ಇರುತ್ತದೆ, ನಿಮ್ಮ ಭಾರ ಅದರ ಮೇಲಿರಬಹುದು. ಹಾರ್ನೆಸ್‌ನ ದೌರ್ಬಲ್ಯ ಅದು. ವೇಗಕ್ಕೆ ಮಿತಿ ಹಾಕಿದ್ದನ್ನು ಅದರ ಜೊತೆಗಿಟ್ಟೇ ನೋಡಬೇಕು.

40 ಎಂದರೆ

ಒಣ ಡಾಂಬರು ರಸ್ತೆ, ಒಂದು ಸೆಕೆಂಡಿನಲ್ಲಿ ಎಚ್ಚೆತ್ತು ಹದವಾಗಿ ಬ್ರೇಕ್ ಹಿಡಿದರೆ ಎಂದು ಲೆಕ್ಕ ಹಾಕಿ. 40ರಲ್ಲಿ ಗಾಡಿ ನಿಲ್ಲಲು ಸುಮಾರು 23 ಮೀಟರ್ ಬೇಕು, 60ರಲ್ಲಿ 44. ಢಿಕ್ಕಿಯ ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ 60ರ ಪೆಟ್ಟು 40ರದ್ದಕ್ಕಿಂತ ಎರಡೂಕಾಲು ಪಟ್ಟು. 40ರದ್ದೇನೂ ಮೃದುವಲ್ಲ: 6 ಮೀಟರ್ ಎತ್ತರದ ತಾರಸಿಯಿಂದ ಬಿದ್ದಷ್ಟು. 40 ಗರಿಷ್ಠ ಮಿತಿ, ಗುರಿಯಲ್ಲ. ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ 40ರಲ್ಲಿ ಹೋಗುವುದೂ ಬೇರೆ ರೀತಿಯ ಅಪಾಯ, ಸರ್ವಿಸ್ ರಸ್ತೆ ಹಿಡಿಯಿರಿ.

ಹಿಂದಿನ ಸೀಟು ಹಿಂಚಕ್ರದ ಹತ್ತಿರ ಇರುವುದರಿಂದ ಹಂಪು, ಗುಂಡಿಗಳ ಎತ್ತುಹಾಕು ನಿಮಗಿಂತ ಮಗುವಿಗೆ ಹೆಚ್ಚು. ಹಂಪಿಗೆ ಮುನ್ನ 15–20ಕ್ಕೆ ಇಳಿಸಿ, ಎರಡೂ ಚಕ್ರ ದಾಟುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಮುಂಚಕ್ರ ದಾಟಿದ ಕೂಡಲೇ ಏರಿಸುವುದು ಅನೇಕರ ಚಾಳಿ, ಹಿಂದೆ ಕೂತ ಮಗು ಚಿಮ್ಮುವುದು ಆಗಲೇ.

ನಿದ್ದೆ ದೊಡ್ಡ ಶತ್ರು. ಸಣ್ಣ ಮಕ್ಕಳು ಎಂಜಿನ್ನಿನ ಅದುರಿಗೆ ಬೇಗ ಮಂಪರಿಗೆ ಜಾರುತ್ತಾರೆ. ಬೆನ್ನಿನ ಮೇಲಿನ ಭಾರ ಒಂದೇ ಬದಿಗೆ ವಾಲಿತು, ಮಾತಿಗೆ ಉತ್ತರ ಬರಲಿಲ್ಲ ಎಂದರೆ ನಿಲ್ಲಿಸಿ. ಹಾರ್ನೆಸ್ ಮೈಯನ್ನು ಹಿಡಿಯುತ್ತದೆ, ಹೆಲ್ಮೆಟ್ ಹೊತ್ತ ತಲೆಯನ್ನು ಹಿಡಿಯುವುದಿಲ್ಲ. 20 ನಿಮಿಷಕ್ಕೊಮ್ಮೆ ಹೇಗೂ ನಿಲ್ಲಿ. ಊಟ ಆದ ಕೂಡಲೇ, ಮಲಗುವ ಹೊತ್ತಿಗೆ ಸವಾರಿ ಬೇಡ.

ಕಾಲಿನ ಕಡೆಗೂ ಗಮನ ಇರಲಿ. ಪುಟ್ಟ ಪಾದ ಫುಟ್‌ರೆಸ್ಟಿಗೆ ಎಟಕದೆ ಚಕ್ರದ ಪಕ್ಕದಲ್ಲೇ ತೂಗುತ್ತಿರುತ್ತದೆ, ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿದರೆ ಮೂಳೆಯವರೆಗೂ ಗಾಯ. ಕೇಂದ್ರ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮುಚ್ಚುವ ಗಾರ್ಡ್ ಗಾಡಿಯಲ್ಲೇ ಬರಬೇಕು. ಚೆಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸಿದ ಬೈಕಿನಲ್ಲಿ ಮಗುವನ್ನು ಕೂರಿಸಬೇಡಿ. ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಹಾಕಿ, ಲೇಸು ಒಳಗೆ ಸಿಕ್ಕಿಸಿ.

ನಾಲ್ಕು ತುಂಬಿದ ದಿನ ಬದಲಾಗುವುದು

ನಾಲ್ಕು ದಾಟಿದ ಮೇಲೆ ಸೈಕಲ್ ಹೆಲ್ಮೆಟ್ ಸಾಲದು. ಸೆಕ್ಷನ್ 129ರಂತೆ ದೊಡ್ಡವರಿಗಿರುವ ಐಎಸ್ 4151 ಮಾನಕದ, ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಬೇಕು, ಅಳತೆ ಮಾತ್ರ ಚಿಕ್ಕದು. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ವಿವರ ಬರುತ್ತದೆ. ಸಂಖ್ಯೆಯೇ ಇಲ್ಲದ ಐಎಸ್‌ಐ ಸ್ಟಿಕ್ಕರ್ ನಕಲಿ.

ಹಾರ್ನೆಸ್ ಮತ್ತು 40ರ ಮಿತಿ ಕಾನೂನಿನಲ್ಲಿ ಅಲ್ಲಿಗೆ ಮುಗಿಯುತ್ತವೆ. ನಾಲ್ಕು ವರ್ಷದ ಮಗು ಸುಮಾರು 16 ಕೆ.ಜಿ. ಇರುತ್ತದೆ, ಹಾರ್ನೆಸ್ 30ರವರೆಗೆ ತಾಳುತ್ತದೆ, ಆದ್ದರಿಂದ ಬಿಚ್ಚಿಡಲು ಅವಸರವಿಲ್ಲ. ಯಾವಾಗ ಬಿಡಬಹುದು ಎಂಬುದಕ್ಕೆ ಫಿಲಿಪ್ಪೀನ್ಸಿನ 2015ರ ಕಾನೂನಿನಲ್ಲಿ ಒಳ್ಳೆಯ ಅಳತೆಗೋಲಿದೆ. ವಾಹನ ದಟ್ಟಣೆಯ, ವೇಗದ ರಸ್ತೆಗಳಲ್ಲಿ ಮಗು ಬೈಕಿನ ಹಿಂದೆ ಕೂರಬೇಕಾದರೆ ಪಾದ ಫುಟ್‌ರೆಸ್ಟಿಗೆ ಆರಾಮವಾಗಿ ಎಟಕಬೇಕು, ತೋಳು ಓಡಿಸುವವರ ಸೊಂಟವನ್ನು ಸುತ್ತಿ ಹಿಡಿಯಬೇಕು, ಹೆಲ್ಮೆಟ್ ಇರಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಂತೂ 8 ವರ್ಷದೊಳಗಿನವರು ಹಿಂದಿನ ಸೀಟಿಗೆ ಬರುವಂತೆಯೇ ಇಲ್ಲ. ನಮ್ಮಲ್ಲಿ ಅಂಥ ಕನಿಷ್ಠ ವಯಸ್ಸಿಲ್ಲ. ಪಾದ ಎಟಕುವವರೆಗೂ ಹಾರ್ನೆಸ್ ಇರಲಿ ಎಂಬುದು ನಮ್ಮ ಸಲಹೆ.

ಶಾಲೆಯ ಬ್ಯಾಗು ಮಗುವಿನ ಬೆನ್ನಿಗೆ ಬೇಡ. ಗಾಡಿ ಮುಂದಕ್ಕೆ ನುಗ್ಗಿದಾಗ ಅದು ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಸ್ಕೂಟರಿನ ಕೊಕ್ಕೆಗೆ ಹಾಕಿ ಫುಟ್‌ಬೋರ್ಡಿನಲ್ಲಿಡಿ. ಹ್ಯಾಂಡಲ್ಲಿಗೆ ನೇತುಹಾಕಿದರೆ ತಿರುವಿನಲ್ಲಿ ಹ್ಯಾಂಡಲ್ ಅದರತ್ತ ಎಳೆಯುತ್ತದೆ.

ವಿಮೆಯ ಪತ್ರ ತೆಗೆದು ನೋಡಿ

ಬರೀ ಥರ್ಡ್ ಪಾರ್ಟಿ ವಿಮೆ ಇದ್ದು, ನಿಮ್ಮದೇ ತಪ್ಪಿನಿಂದ ಗಾಡಿ ಬಿದ್ದರೆ, ಹಿಂದೆ ಕೂತ ಮಗುವಿನ ಪರಿಹಾರಕ್ಕೆ ಆ ಪಾಲಿಸಿ ಬರುವುದಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಹಿಂಬದಿ ಸವಾರರ ವಿಷಯದಲ್ಲಿ ಹೀಗೆಂದೇ ತೀರ್ಪು ಕೊಟ್ಟಿದೆ. ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ. ಇನ್ನೊಬ್ಬರ ವಾಹನದ ತಪ್ಪಿದ್ದರೆ ಅವರ ಥರ್ಡ್ ಪಾರ್ಟಿ ವಿಮೆ ಕೊಡಬೇಕು. ಆಗ ನೀವು ಮೂವರಿದ್ದಿರಿ ಎಂಬುದನ್ನು ಹಿಡಿದು ಪರಿಹಾರ ಕಡಿಮೆ ಮಾಡಲು ವಿಮಾ ಕಂಪನಿ ವಾದಿಸಬಹುದು. ಮೂವರಿದ್ದುದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ತೋರಿಸದೆ ಬರೀ ಟ್ರಿಪಲ್ ರೈಡಿಂಗ್ ಎಂಬ ಕಾರಣಕ್ಕೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದರಿಂದ ಟ್ರಿಪಲ್ ರೈಡಿಂಗಿನ ದಂಡವೇನೂ ತಪ್ಪುವುದಿಲ್ಲ, ಅದರ ಲೆಕ್ಕ ಬೇರೆಯೇ ನಡೆಯುತ್ತದೆ.